ಅಲ್ಲಾಡದೆ ನಿಂತವಳು

ಕಾಲೇಜಿನವರು ನಂಬಿ ಕೊಟ್ಟ ವಿಡಿಯೊ ಕ್ಯಾಮೆರಾವನ್ನು ನನ್ನ ಮೊಮ್ಮಗಳು ಕಾವ್ಯ ನನ್ನದೊಂದು ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿ, ನಾವು ತರಕಾರಿ ತರುವ ವೈರ್ ಬುಟ್ಟಿಯೊಳಗೆ ಮಗುವಿನಂತೆ ಮಲಗಿಸುತ್ತಿದ್ದಳು. ಮೇಲೆರಡು ಕಟ್ಟು ಕೊತ್ತಂಬರಿ ಸೊಪ್ಪಿಟ್ಟರೆ ಎಂಥ ಕಳ್ಳನೂ ಕಣ್ಣು ಹಾಕುವುದಿಲ್ಲ ಎಂಬುದು ನನ್ನ ಉಪಾಯ. ಆ ಚಿತ್ರದ ತುಂಬ ಕೊತ್ತಂಬರಿಯ ವಾಸನೆ ಇದೆಯೆಂದು ಇವತ್ತಿಗೂ ನನಗೆ ಅನಿಸುತ್ತದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವುದನ್ನು ಕಲಿತ ಮೇಲೆ, ಮೊದಲು ಬರೆದಿಡಬೇಕೆಂದುಕೊಂಡದ್ದು ಈ ಸಂಗತಿಯನ್ನೇ.

ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಎರಡೋ ಮೂರೋ ವರ್ಷವಾಗಿದ್ದ ಕಾಲ. ನಮ್ಮ ಹೊಸೂರಿನ ಬೀದಿಗಳ ಮೇಲೆ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಿ ಒಪ್ಪಿಸಬೇಕೆಂದು ಕಾವ್ಯಳ ಮೇಷ್ಟರು ಹೇಳಿದ್ದರು. ಹುಡುಗಿಗೆ ನಾಚಿಕೆ, ಅಪರಿಚಿತರ ಮುಂದೆ ನಾಲಿಗೆ ಹೊರಳದು. ನನಗೋ ನಾಚಿಕೆಯೆಂಬುದು ಹಲ್ಲುಗಳ ಜೊತೆಗೇ ಉದುರಿ ಹೋಗಿತ್ತು. ಹೀಗಾಗಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜನರನ್ನು ಹಿಡಿದು ನಿಲ್ಲಿಸಿ ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯವನು ಮುಖ ಒರೆಸಿಕೊಂಡು, "ಪಾಟಿ, ಇದು ಟೀವೀಲ ವರುಮಾ?" ಎಂದು ತಮಿಳಿನಲ್ಲಿ ಕೇಳಿದ.

"ಬರ್ದೆ ಇರ್ತದಾ? ದೀಪಾವಳಿ ದಿನ ಸಾಯಂಕಾಲಕ್ಕೇ ಬತ್ತದೆ. ಬುಶ್ಶರ್ಟಿನ ಗುಂಡಿ ಹಾಕ್ಕೊಳಪ್ಪ" ಎಂದುಬಿಟ್ಟೆ.

ಕಾವ್ಯ ನನ್ನ ಸೆರಗು ಜಗ್ಗಿದಳು. "ಅಜ್ಜೀ, ಯಾಕೆ ಸುಳ್ಳು ಹೇಳ್ತೀಯಾ?"

"ನಿಜ ಹೇಳುದ್ರೆ ಯಾರ್ ಮಾತಾಡ್ತಾರೆ ಕಣೇ?"

ಆ ಸುಳ್ಳು ಎಷ್ಟು ಸಲೀಸಾಗಿ ಕೆಲಸ ಮಾಡಿತೆಂದರೆ, ಮೂರು ದಿನ ಹೋದಲ್ಲೆಲ್ಲ ಅದನ್ನೇ ಹಂಚಿದೆ.

ನಾಲ್ಕನೆಯ ದಿನ ಮಧ್ಯಾಹ್ನ, ಊಟವಾದ ಮೇಲೆ ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಕ್ಯಾಮೆರಾಕ್ಕೂ ಟೀವಿಗೂ ವೈರು ಜೋಡಿಸಿ, ಅಜ್ಜಿ ಮೊಮ್ಮಗಳಿಬ್ಬರೂ ನೋಡುತ್ತ ಕುಳಿತೆವು. ನಾವು ನಮ್ಮ ಮುಖವೆಂದು ನಂಬಿರುವುದು ಕನ್ನಡಿ ಹೇಳಿದ್ದನ್ನಷ್ಟೇ. ಕನ್ನಡಿಯೋ ಎಡವನ್ನು ಬಲವೆಂದು ತೋರಿಸುವ ಜಾಣೆ. ಅದರ ಹಂಗಿಲ್ಲದೆ ಮೊದಲ ಸಲ ನನ್ನನ್ನು ಪರದೆಯಲ್ಲಿ ಕಂಡಾಗ, ಕೈ ಆಡಿಸುತ್ತ ಟೀ ಅಂಗಡಿಯವನನ್ನು ಗದರುತ್ತಿರುವ ಈ ಸೊಟ್ಟ ಮೂತಿಯ ಮುದುಕಿ ಯಾರೆಂದು ಒಂದು ಗಳಿಗೆ ಗುರುತೇ ಹತ್ತಲಿಲ್ಲ. ನಗು ಬಂತು. ಆ ನಗು ಮುಗಿಯುವ ಮುಂಚೆಯೇ ಕಾವ್ಯ, "ಅಜ್ಜೀ, ಹಿಂದೆ ನೋಡು" ಎಂದಳು.

ಅಂಗಡಿಯ ಹಿಂದೆ, ದೂರದ ಕಂಬದ ಪಕ್ಕ, ಹಸಿರು ಸೀರೆಯ ಮುದುಕಿಯೊಬ್ಬಳು ನಿಂತಿದ್ದಳು. ಬಸ್ಸುಗಳು ಅಡ್ಡ ಬಂದು ಹೋದವು, ಜನ ಅವಳನ್ನು ತಾಕಿಕೊಂಡೇ ಹಾದುಹೋದರು, ಗಾಳಿಗೆ ಸೆರಗು ಹಾರಿತು. ಅವಳು ಮಾತ್ರ ಅಲ್ಲಾಡಲಿಲ್ಲ. ನೋಟ ನೇರ ನಮ್ಮ ಮೇಲೆ. ಎರಡನೆಯ ಟೇಪಿನಲ್ಲಿ ಕೆರೆಯ ಏರಿ, ಕಡಲೆಕಾಯಿ ಮಾರುವ ಹೆಂಗಸಿನ ನಗು. ಅವಳ ಹಿಂದೆ ಅದೇ ಹಸಿರು ಸೀರೆ, ಈಗ ಇನ್ನಷ್ಟು ಹತ್ತಿರ. ಮೂರನೆಯದರಲ್ಲಿ, ಬಾಗಲೂರು ರಸ್ತೆಯಲ್ಲಿ, ನನ್ನ ಹೆಗಲಿನ ಹಿಂದೆಯೇ ಆ ಮುಖ. ಮೂರು ದಿನವೂ ನಾವಿಬ್ಬರೂ ಅವಳನ್ನು ಕಂಡಿರಲಿಲ್ಲ. ನಡು ಮಧ್ಯಾಹ್ನದ ಸೆಕೆಯಲ್ಲೂ ನಾನು ಸೆರಗು ಹೊದ್ದುಕೊಂಡೆ.

"ಕ್ಯಾಮೆರಾನೇ ನೋಡ್ತಾವ್ಳೆ. ಇದೆಲ್ಲ ವೇಸ್ಟು, ಕತ್ತರಿಸ್ಬೇಕು" ಎಂದಳು ಕಾವ್ಯ. ಆದರೆ ಅವಳ ಧ್ವನಿಯೂ ಸಣ್ಣಗಾಗಿತ್ತು.

ಬೀದಿಯಲ್ಲಿ ಪ್ರತಿದಿನ ಎಷ್ಟು ಜನ ನಮ್ಮ ಹಿಂದೆ ನಿಂತು ಹೋಗುತ್ತಾರೋ, ಎಷ್ಟು ಜನರ ಕಣ್ಣಿನ ಅಂಚಿನಲ್ಲಿ ನಾವು ಹಾಗೆ ನಿಂತಿರುತ್ತೇವೋ, ಯೋಚಿಸಿದರೆ ಊರೆಂಬುದೇ ಒಬ್ಬರನ್ನೊಬ್ಬರು ಕಾಣದವರ ದೊಡ್ಡ ಕೂಟವೆನಿಸುತ್ತದೆ. ಮರುದಿನ ಬಾಗಲೂರು ರಸ್ತೆಗೆ ಮತ್ತೆ ಹೋದಾಗ ಮಾತಿನ ನಡುವೆ ತಟಕ್ಕನೆ ಹಿಂತಿರುಗಿ ನೋಡಿದೆ. ಕೈಗೆಟಕುವಷ್ಟು ಹತ್ತಿರದಲ್ಲಿ ಅವಳಿದ್ದಳು.

"ಯಾರಮ್ಮ ನೀನು? ಯಾಕಿಂಗೆ ನಮ್ ಹಿಂದೇನೇ ಬತ್ತೀಯಾ?"

"ಚಿಕ್ಕಮುನಿಯಮ್ಮ ಕಣಕ್ಕ. ಟೀವೀಲಿ ಬತ್ತದೆ ಅಂತ ನೀನೇ ಅಂದ್ಯಲ್ಲ. ನಮ್ಮಕ್ಕ ನೋಡ್ಲಿ ಅಂತ ನಿಂತ್ಕಂಡೆ."

ಮುನೇಶ್ವರನ ಹರಕೆಯಿಂದ ಹುಟ್ಟಿದ ಅಕ್ಕತಂಗಿಯರಿಬ್ಬರಿಗೂ ದೇವರ ಹೆಸರನ್ನೇ ಇಟ್ಟು, ಒಬ್ಬಳನ್ನು ದೊಡ್ಡಮುನಿಯಮ್ಮ, ಇನ್ನೊಬ್ಬಳನ್ನು ಚಿಕ್ಕಮುನಿಯಮ್ಮ ಎಂದು ಕರೆಯುವುದು ನಮ್ಮ ಕಡೆ ಹೊಸದಲ್ಲ. ಇವಳ ಅಕ್ಕ ದೊಡ್ಡಮುನಿಯಮ್ಮ ಮದುವೆಗೆ ಮುಂಚೆ, ಮಾವಿನ ಕಾಲದಲ್ಲಿ ಹಣ್ಣು ಆರಿಸುವ ಕೂಲಿಗೆಂದು ಕೃಷ್ಣಗಿರಿಯ ಮಂಡಿಗೆ ಹೋದವಳು ತಿರುಗಿ ಬರಲಿಲ್ಲವಂತೆ. ಹುಡುಕಲು, ಇಬ್ಬರೂ ಒಟ್ಟಿಗೆ ತೆಗೆಸಿಕೊಂಡ ಒಂದೇ ಒಂದು ಫೋಟೊ ಇತ್ತಂತೆ.

"ಅಲ್ಲಾಡ್ಬೇಡ್ರಿ ಅಂತ ಫೋಟೋದೋನು ಬಡ್ಕಂಡ. ನಾನು ಕಲ್ಲಿನಂಗೆ ನಿಂತೆ. ಅಕ್ಕ ನಕ್ಬುಟ್ಲು. ಅವಳ ಮಖ ಹೊಗೆ ಹಂಗೆ ಬಂತು. ಯಾರಿಗ್ ತೋರ್ಸಿದ್ರೂ ಇದೇನಮ್ಮ, ಮಖಾನೇ ಇಲ್ವಲ್ಲ ಅನ್ನೋರು. ಈಗೀಗ ನಂಗೂ ಗ್ಯಾಪ್ಕ ಬರಾಕಿಲ್ಲ."

ನನ್ನ ಬಾಯಲ್ಲಿ ಸುಳ್ಳುಗಳಿಗೆ ಬರವಿರಲಿಲ್ಲ. ಆ ಗಳಿಗೆ ಒಂದೂ ಹೊರಡಲಿಲ್ಲ. ಇದು ಟೀವಿಯಲ್ಲಿ ಬರುವುದಿಲ್ಲ, ನಾನು ತಮಾಷೆಗೆ ಅಂದದ್ದು, ಕಾಲೇಜಿನ ಮೇಷ್ಟರು ಬಿಟ್ಟರೆ ಯಾರೂ ನೋಡುವುದಿಲ್ಲ ಎಂದು ಅವಳ ಕೈ ಹಿಡಿದು ಹೇಳಿದೆ. ಅವಳು ಬುಟ್ಟಿಯ ಕೊತ್ತಂಬರಿಯನ್ನೇ ನೋಡುತ್ತ ನಿಂತಳು. ತಡೆಯಲಾರದೆ ಕಾವ್ಯ, ಕ್ಯಾಮೆರಾದ ಬದಿಯ ಪುಟ್ಟ ಪರದೆಯನ್ನು ಬಿಡಿಸಿ, "ನೀವಾದ್ರೂ ನೋಡಿ ಅಮ್ಮ" ಎಂದು ಮೂರನೆಯ ಟೇಪನ್ನು ಓಡಿಸಿದಳು.

ಚಿಕ್ಕಮುನಿಯಮ್ಮ ಬಗ್ಗಿದಳು. ಅಂಗೈ ಅಗಲದ ಆ ಬೆಳಕಿನಲ್ಲಿ, ನನ್ನ ಹೆಗಲಿನ ಹಿಂದೆ, ಅಲ್ಲಾಡದ ಮುಖವೊಂದು ಅವಳನ್ನೇ ನೋಡುತ್ತಿತ್ತು.

"ಅಕ್ಕಾ!" ಎಂದಳು. "ಅಯ್ಯೋ, ನಮ್ಮಕ್ಕ! ಇಲ್ಲೇ ಅವ್ಳೆ!"

ನಾನು ಮೆಲ್ಲಗೆ, "ಅದು ನೀನೇ ಕಣಮ್ಮ. ಸೀರೆ ನೋಡು" ಎಂದೆ.

"ನನ್ ಸೀರೆ ಹಂಗಿರೋದೇ ಉಟ್ಕಂಡವ್ಳೆ" ಎಂದು ಅವಳು ನಕ್ಕಳು. "ಅದು ನಾನು ಹೆಂಗಾಗ್ತೀನಕ್ಕ? ಎಷ್ಟು ವಯಸ್ಸಾಗದೆ ನೋಡು ಅವಳಿಗೆ. ನಾನು ಚಿಕ್ಕೋಳು."

ಅವಳು ಪರದೆಯನ್ನು ಬೆರಳಿನಿಂದ ಸವರಿದಳು. ಕಳೆದುಹೋದ ಮುಖಕ್ಕೆ ತನ್ನದನ್ನೇ ಕೊಟ್ಟು ಕೂಡಿಸಿಕೊಂಡವಳಿಂದ ಅದನ್ನು ಕಿತ್ತುಕೊಳ್ಳಲು ನಾನು ಯಾರು?

"ಈ ಟೇಪು ಯಾವತ್ತಿಂದು ಮಗಾ?"

"ಮೊನ್ನೆದು" ಎಂದಳು ಕಾವ್ಯ. "ಇಲ್ಲೇ, ಇದೇ ಜಾಗ."

"ಹಂಗಾದ್ರೆ ಅವ್ಳು ನನ್ ಹಿಂದೇನೇ ಬತ್ತಾ ಅವ್ಳೆ" ಎಂದು ಚಿಕ್ಕಮುನಿಯಮ್ಮ ಸೆರಗು ಸರಿಮಾಡಿಕೊಂಡು, ನಗುನಗುತ್ತಲೇ ಹಿಂದಕ್ಕೆ ತಿರುಗಿದಳು.

ಎಲ್ಲವೂ ಗೊತ್ತಿದ್ದ ನಾನೂ, ಓದುವವರೇ, ಅವಳ ಜೊತೆಗೇ ತಿರುಗಿ ನೋಡಿದೆ.