ಬಜ್ಪೆ ಬಾಡಿಗೆಯ ಪದ್ಮಯ್ಯ
ಸುಳ್ಯದಲ್ಲಿ ಬಾಡಿಗೆ ಕಾರು ಓಡಿಸುವ ಪದ್ಮಯ್ಯ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೊರಟನೆಂದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆಂದೇ ಅರ್ಥ. ಗಲ್ಫಿನಿಂದ ಓಡಿಬರುವ ಮಕ್ಕಳಿಗೆ ಮನೆ ಮುಟ್ಟುವವರೆಗೆ ಸಾವಿನ ಸುದ್ದಿ ಹೇಳಬಾರದು. ಆ ಸುಳ್ಳನ್ನು ಅವನಷ್ಟು ಹದವಾಗಿ ಹೇಳುವವರು ಮೂರು ತಾಲೂಕಿನಲ್ಲಿಲ್ಲ. ಹೋಗುವಾಗಲೇ ಕನ್ನಡಿಗೆ ಕಟ್ಟಿದ ಮಲ್ಲಿಗೆ ತೆಗೆದಿಡುತ್ತಾನೆ. "ಸ್ವಲ್ಪ ಸೀರಿಯಸ್ ಅಷ್ಟೆ, ಗ್ಲೂಕೋಸ್ ಹಾಕಿದ್ದಾರೆ" ಎನ್ನುತ್ತಾನೆ. ಪುತ್ತೂರಿನಲ್ಲಿ ಅವರು ಅಪ್ಪನಿಗೆಂದು ಮುಸುಂಬಿ ಆರಿಸಿದರೆ ಬೇಡವೆನ್ನದೆ ಚೀಲ ಹಿಡಿಯುತ್ತಾನೆ; ಅಂಗಳದಲ್ಲಿ ಅಳು ಎದ್ದಾಗ ಆ ಚೀಲವನ್ನು ಜಗಲಿಯಲ್ಲಿಟ್ಟು ಕಾರು ತಿರುಗಿಸುತ್ತಾನೆ. ಮದುವೆಗೆ ಬರುವ ನೆಂಟರನ್ನು ಕರೆತರಲು ಮಾತ್ರ ಯಾರೂ ಅವನನ್ನು ಕಳಿಸುವುದಿಲ್ಲ. "ನೀನು ಹೋಗುದು ಬೇಡ ಮಾರಾಯ, ನಿನ್ನ ಮೋರೆ ಕಂಡ್ರೆ ಅಲ್ಲೇ ಬೊಬ್ಬೆ ಹಾಕಿಯಾರು" ಎಂದು ನಗುತ್ತಾರೆ. ಮೊನ್ನೆ ಕುವೈತಿನಲ್ಲಿ ನರ್ಸ್ ಆಗಿರುವ ಅವನ ಮಗಳು ಭವಿತಾ ರಜೆಗೆ ಬಂದಳು. ಬಸ್ಸಿನಲ್ಲೇ ಬರುತ್ತೇನೆ ಎಂದಿದ್ದವಳಿಗೆ ಖುಷಿಯಾಗಲೆಂದು ಅವನು ಹೇಳದೆಯೇ ಹೋಗಿ ನಿಲ್ದಾಣದ ಬಾಗಿಲಲ್ಲಿ ನಿಂತ. ಅವನನ್ನು ಕಂಡದ್ದೇ ಅವಳ ಕೈಯ ಬ್ಯಾಗು ಜಾರಿತು. "ಅಪ್ಪ, ಅಮ್ಮನಿಗೆ ಎಂತ ಆಯ್ತು?" "ಎಂತ ಇಲ್ಲ ಮಗಾ, ನಿನಗೆ ಕೋಳಿ ಸಾರು ಮಾಡ್ತಾ ಇದ್ದಾಳೆ." "ಹಾಗಾದ್ರೆ ಫೋನ್ ಮಾಡಿ ಕೊಡಿ." "ಮನೆಯಲ್ಲಿ ರೇಂಜ್ ಸಿಗುದಿಲ್ಲಲ್ಲ ಮಗಾ." ಮರ್ಕಂಜದಲ್ಲಿರುವ ಅವರ ಮನೆಯಲ್ಲಿ ರೇಂಜ್ ಸಿಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು; ಆದರೆ ಅವನ ಬಾಯಿಂದ ಕೇಳಿದ ಮೇಲೆ ಅದನ್ನೂ ನಂಬಲಿಲ್ಲ.