ಹೊರಗೆ ನಿಲ್ಲುವ ಸರದಿ

ನಮ್ಮಕ್ಕನನ್ನು ಕರೆದುಕೊಂಡು ಬಟ್ಟೆ ಅಂಗಡಿಗೆ ಹೋಗುವುದೆಂದರೆ ನನಗೆ ತಲೆನೋವು. ನಾನು ಬಣ್ಣ ನೋಡುತ್ತಿದ್ದರೆ ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ನೋಡುತ್ತಾಳೆ. "ಇಲ್ಲೊಂದು ಎಳೆ ತಪ್ಪಿದೆ, ನೋಡಿ" ಅನ್ನುತ್ತಾಳೆ. ಅಂಗಡಿಯವನ ಮುಖ ಹುಳ್ಳಗಾಗುತ್ತದೆ. ನಾನು ದರ್ಜಿ, ನನಗೇ ಕಾಣದ ಎಳೆ ಅವಳಿಗೆ ಹೇಗೆ ಕಾಣುತ್ತದೆ ಅಂತ ಕೇಳಬೇಡಿ. ಹದಿನಾಲ್ಕು ವರ್ಷ ಗಿರಣಿಯಲ್ಲಿ ಅವಳ ಕೆಲಸವೇ ಅದಾಗಿತ್ತು. ಕೆಳಗಿನಿಂದ ದೀಪ ಬಿಟ್ಟ ಇಳಿಜಾರು ಮೇಜಿನ ಮೇಲೆ ಬಟ್ಟೆ ಹರಿಯುತ್ತಾ ಇರುತ್ತದೆ. ದೋಷ ಕಂಡಲ್ಲಿ ನಿಲ್ಲಿಸಿ, ಅಂಚಿಗೆ ಕೆಂಪು ದಾರ ಕಟ್ಟಿ, ಎಷ್ಟನೇ ಮೀಟರು, ಎಂಥ ದೋಷ ಅಂತ ಪುಸ್ತಕದಲ್ಲಿ ಬರೆಯಬೇಕು. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ.

ಕೆಲಸ ಬಿಟ್ಟಳು ಅನ್ನುವುದೂ ಪೂರ್ತಿ ನಿಜವಲ್ಲ. ಅವಳ ಬದಲು ದೋಷ ಹಿಡಿಯಲು ಅವಳ ಮೇಜಿನ ಮೇಲೆ ಒಂದು ಕ್ಯಾಮೆರಾ ಬಂದು ಕೂತಿತು. ಅದು ಬರುವ ಸುಳಿವು ಸಿಕ್ಕಾಗಲೇ ಅಕ್ಕ ಅಂಚೆ ಮೂಲಕ ಓದತೊಡಗಿದ್ದಳು. ಮೂವತ್ತೆಂಟನೇ ವಯಸ್ಸಿನಲ್ಲಿ ನಮ್ಮ ಬಡಾವಣೆಯ ಶಾಲೆಗೆ ಗಣಿತದ ಟೀಚರಾಗಿ ಸೇರಿದಳು. ಮೂರು ತಿಂಗಳು ಪರೀಕ್ಷೆಯ ಮೇಲೆ. ಕೊನೆಯ ಶುಕ್ರವಾರ ಹೆಡ್ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತಾರೆ. ತರಗತಿ ಹಿಡಿತದಲ್ಲಿದ್ದರೆ ಕೆಲಸ ಖಾಯಂ, ಇಲ್ಲವಾದರೆ ಮನೆಗೆ. ಕೊಟ್ಟದ್ದು ಎಂಟನೇ ತರಗತಿಯ ಬಿ ವಿಭಾಗ. ನಲವತ್ತೆರಡು ಮಕ್ಕಳು. ಆ ವರ್ಷ ಅಲ್ಲಿಂದ ಆಗಲೇ ಇಬ್ಬರು ಟೀಚರುಗಳು ಕೈಮುಗಿದು ಹೋಗಿದ್ದರು.

ಮೊದಲ ದಿನ ಸಂಜೆ ಅಕ್ಕ ನೇರ ನನ್ನ ಅಂಗಡಿಗೆ ಬಂದಳು. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆ. ಅವಳ ಮನೆ ಎದುರಿಗೇ ಇದೆ. ತೋಳಿನ ತನಕ ಸೀಮೆಸುಣ್ಣದ ಪುಡಿ, ಗಂಟಲು ಕಟ್ಟಿಹೋಗಿತ್ತು. ಚಹಾ ಕೊಟ್ಟು, "ಏನಾಯ್ತೇ?" ಅಂದೆ.

"ಒಬ್ಬ ಕೆಮ್ಮಿದ. ಅಷ್ಟೇ. ಆಮೇಲೆ ಇಡೀ ಕ್ಲಾಸಿಗೆ ಕೆಮ್ಮು."

"ನೀನೇನ್ ಮಾಡ್ದೆ?"

"ನನಗೂ ಕೆಮ್ಮು ಬಂತು."

ನನಗೆ ಮೈಯೆಲ್ಲ ಉರಿಯಿತು. ನಾನು ತಾಳ್ಮೆಯವಳಲ್ಲ. ಸೂಜಿಗೆ ದಾರ ಎರಡನೇ ಸಲಕ್ಕೆ ಹೋಗದಿದ್ದರೆ ಸೂಜಿಯನ್ನೇ ಬೈಯುವವಳು. "ಒಬ್ಬನನ್ನ ಹಿಡಿದು ಚೆನ್ನಾಗಿ ಗದರಿಸು, ಮಿಕ್ಕವ್ರು ಬಾಲ ಮುದುರ್ಕೊಂಡು ಕೂರ್ತಾರೆ" ಅಂದೆ.

"ಯಾರನ್ನ ಹಿಡೀಲಿ? ಶುರುವಾಗೋದು ಎಲ್ಲಿಂದ ಅಂತಾನೇ ಗೊತ್ತಾಗ್ತಿಲ್ಲ ಕಣೇ" ಅಂದಳು. ಹಾಗನ್ನುವಾಗ ಅವಳ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಬೇರೇನೋ ಇತ್ತು. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಇರುತ್ತದಲ್ಲ, ಅದೇ ಮುಖ.

ಆ ಶಾಲೆಯಲ್ಲಿ ಒಂದು ನಿಯಮ. ಗಲಾಟೆ ಮಾಡಿದವರ ಹೆಸರನ್ನು ತರಗತಿಯ ಲೀಡರು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಒಂದೊಂದು ತಪ್ಪಿಗೆ ಒಂದೊಂದು ಗೀಟು. ಮೂರು ಗೀಟು ಬಿದ್ದರೆ ಹತ್ತು ನಿಮಿಷ ಹೊರಗೆ, ವರಾಂಡದ ಕೊನೆಯಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಆ ಜಾಗವನ್ನು ಆರಿಸಿದವರು ಆರಡಿ ಎತ್ತರದ ಡ್ರಿಲ್ ಮಾಸ್ತರು. ಅವರ ಕೋಣೆಯ ಬಾಗಿಲಿಂದ ನೇರ ಕಾಣುತ್ತದೆ ಅಂತ. ಬಿ ವಿಭಾಗದ ಲೀಡರು ಎರಡು ಜಡೆಯ ಪುಟ್ಟ ಹುಡುಗಿ. ಕೈಯಿಂದ ಸೀಮೆಸುಣ್ಣ ಕೆಳಗಿಡುವವಳೇ ಅಲ್ಲ, ಹಾಗಾಗಿ ಅವಳ ಅಡ್ಡಹೆಸರೂ ಸೀಮೆಸುಣ್ಣ. ಸ್ವಂತ ತಮ್ಮ ಬಂದು ಬಾಗಿಲಲ್ಲಿ ಮಾತಾಡಿದರೆ ಅವನ ಹೆಸರನ್ನೂ ಬರೆದಳಂತೆ. ಅವನು ಐದನೇ ತರಗತಿಯವನು.

ಅಕ್ಕ ಗದರಿಸಲಿಲ್ಲ. ಗಿರಣಿಯ ಹಳೆಯ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯತೊಡಗಿದಳು. ಎಷ್ಟು ಗಂಟೆಗೆ, ಯಾವ ಬೆಂಚು, ಯಾರು, ಎಂಥ ಗದ್ದಲ. ಕೆಮ್ಮು. ಕಂಪಾಸ್ ಪೆಟ್ಟಿಗೆ ಬೀಳಿಸಿದ್ದು. ಬೆಕ್ಕಿನ ಕೂಗು. ಮತ್ತೆ ಕಂಪಾಸ್ ಪೆಟ್ಟಿಗೆ. ದಿನಾ ಸಂಜೆ ನನ್ನ ಕತ್ತರಿಸುವ ಮೇಜಿನ ಮೇಲೆ ಪುಸ್ತಕ ಹರವಿಕೊಂಡು ಕೂರುತ್ತಿದ್ದಳು. ಅರ್ಧ ಹೊಲಿದ ರವಿಕೆಗಳನ್ನು ಆಚೆ ತಳ್ಳಿ! ನಾನು ಗೊಣಗುತ್ತಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಮೂರನೇ ವಾರದ ಹೊತ್ತಿಗೆ ಮಿಷನ್ ನಿಲ್ಲಿಸಿ ನಾನೂ ಬಗ್ಗಿ ನೋಡುತ್ತಿದ್ದೆ.

"ಒಂದು ವಿಚಿತ್ರ ನೋಡು" ಅಂದಳು ಒಂದು ದಿನ. "ಪೋಲಿ ಹುಡುಗ್ರು ಅಂದ್ರೆ ಅದೇ ನಾಲ್ಕೈದು ಹೆಸರು ಮತ್ತೆ ಮತ್ತೆ ಬರ್ಬೇಕಲ್ವಾ? ಇಲ್ಲಿ ಒಂದು ಸಲ ಹೊರಗೆ ಹೋದವ್ರು ಮತ್ತೆ ಹೋಗಿಲ್ಲ. ಮೊದಲನೇ ಬೆಂಚು ಮುಗೀತು, ಎರಡನೇದು ಮುಗೀತು, ಈಗ ಮೂರು."

"ಅದಕ್ಕೇನೀಗ?"

"ಬಟ್ಟೇಲಿ ಕಲೆ ಅಲ್ಲೊಂದು ಇಲ್ಲೊಂದು ಬಿದ್ರೆ ಅದು ಯಾರದೋ ಅಜಾಗರೂಕತೆ. ಒಂದೇ ಅಂತರದಲ್ಲಿ ಬಿದ್ರೆ ಎಲ್ಲೋ ಒಂದು ಚಕ್ರ ತಿರುಗ್ತಿದೆ ಅಂತ ಅರ್ಥ. ಇವ್ರು ಗಲಾಟೆ ಮಾಡ್ತಿಲ್ಲ ಕಣೇ. ಸರದೀಲಿ ನಿಂತಿದಾರೆ."

ಯಾವುದರ ಸರದಿ? ಶಿಕ್ಷೆಗೆ ಯಾರಾದರೂ ಸಾಲು ನಿಲ್ಲುತ್ತಾರೆಯೇ? ನನಗೆ ಆ ದಿನ ಒಂದು ಲಂಗದ ಅಳತೆಯೇ ತಪ್ಪಿಹೋಯಿತು. ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಎಲ್ಲಕ್ಕಿಂತ ದೊಡ್ಡ ಗದ್ದಲ ಏಳುತ್ತಿದ್ದದ್ದು ಯಾರನ್ನೋ ಹೊರಗೆ ಕಳಿಸುವಾಗಲ್ಲ, ಅವರು ಒಳಗೆ ಬಂದ ಮೇಲೆ. ಬಂದವರ ಸುತ್ತ ತಲೆಗಳು ಸೇರುತ್ತಿದ್ದವು, ಗುಸುಗುಸು ಬೆಂಚಿಂದ ಬೆಂಚಿಗೆ ಹಬ್ಬುತ್ತಿತ್ತು. ಮರುದಿನವಂತೂ ಕೇಳಿದರೂ ಬಾಯಿ ಬಿಡದ ಒಂದು ಮೂಕಿಯಂಥ ಹುಡುಗಿ, ಪೆಟ್ಟಿಗೆಯನ್ನು ಮೂರು ಸಲ ಮೆಲ್ಲಗೆ ಕೆಳಗೆ ಬಿಟ್ಟು, "ಮಿಸ್, ನನ್ನ ಹೆಸರು ಬರೀಲೇ ಇಲ್ಲ" ಅಂತ ದೂರು ಹೇಳಿದಳಂತೆ.

ಅವತ್ತೇ ಅಕ್ಕ ಬಿಡುವಿನ ಪಿರಿಯಡ್‌ನಲ್ಲಿ ವರಾಂಡದ ಕೊನೆಗೆ ಹೋಗಿ, ಗೋಡೆಗೆ ಮುಖ ಮಾಡಿ ತಾನೇ ನಿಂತಳು. ಗೋಡೆಯಲ್ಲಿ ಗಾಳಿಗೆಂದು ಇಟ್ಟ ಸಿಮೆಂಟಿನ ಜಾಲರಿ. ಡ್ರಿಲ್ ಮಾಸ್ತರಿಗೆ ಅದು ಎದೆಯ ಮಟ್ಟ, ಅವರು ಬಗ್ಗಿ ನೋಡಿದ್ದೇ ಇಲ್ಲ. ಹದಿಮೂರು ವರ್ಷದ ಮಕ್ಕಳಿಗೆ ಸರಿಯಾಗಿ ಕಣ್ಣಿನ ಮಟ್ಟ. ಒಂದು ತೂತು ಒಡೆದು ಅಗಲವಾಗಿತ್ತು. ಅಕ್ಕ ಮಂಡಿ ಬಗ್ಗಿಸಿ ಕಣ್ಣಿಟ್ಟಳು. ಕೆಳಗೆ ಪಕ್ಕದ ರಿಪೇರಿ ಅಂಗಳ. ನಡುವೆ ಒಂದು ಹಳೇ ರೋಡ್ ರೋಲರ್. ಅದರ ಇಂಜಿನ್ನನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಟಾರ್ಪಾಲಿನ ಮೇಲೆ ಸಾಲಾಗಿ ಜೋಡಿಸಿದ್ದರು. ಒಬ್ಬ ಮುದುಕ ಮೇಸ್ತ್ರಿ ಒಂದೊಂದನ್ನೇ ಎತ್ತಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಒಳಗೆ ಕೂರಿಸುತ್ತಿದ್ದ. ಒಬ್ಬನೇ, ಅವಸರವಿಲ್ಲದೆ.

ಅಕ್ಕ ಪಿರಿಯಡ್ ಮುಗಿಯುವ ತನಕ ಅಲ್ಲೇ ಬಗ್ಗಿ ನಿಂತಿದ್ದಳು. ಸಂಜೆ ನನ್ನ ಹತ್ತಿರ ಹೇಳುವಾಗ ಅವಳಿಗೆ ಕೂರಲೂ ಆಗುತ್ತಿರಲಿಲ್ಲ. ದಿನಕ್ಕೊಬ್ಬರು ಹೋಗಿ ನೋಡಿಕೊಂಡು ಬಂದು, ಮಿಕ್ಕ ನಲವತ್ತೊಂದು ಜನರಿಗೆ ವರದಿ ಒಪ್ಪಿಸುತ್ತಿದ್ದರಂತೆ! ಪಟ್ಟಿ ಮಾಡಿಕೊಟ್ಟವಳು ಸೀಮೆಸುಣ್ಣವೇ ಇರಬೇಕು ಅಂದಳು.

"ಸರಿ, ಮೇಡಂಗೆ ಹೇಳು. ಒಂದು ಬಾಣಲೆ ಸಿಮೆಂಟಲ್ಲಿ ತೂತು ಮುಚ್ಚಿಸಿದ್ರೆ ಕತೆ ಮುಗೀತು, ನಿನ್ನ ಕೆಲಸಾನೂ ಉಳೀತು" ಅಂದೆ.

ಅಕ್ಕ ಚಹಾ ಲೋಟ ತಿರುಗಿಸುತ್ತಾ, "ಮುಚ್ಚಿಬಿಟ್ರೆ ಅದು ಸ್ಟಾರ್ಟ್ ಆಯ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ?" ಅಂದಳು.

ನಾನು ತಲೆ ಚಚ್ಚಿಕೊಂಡೆ. ಮನೆಗೆ ಬಂದ ಭಾವನ ಹತ್ತಿರವೂ ಹೇಳಿದೆ. ಅವರು ನಕ್ಕು, "ಯಾವ ಇಂಜಿನ್ನಂತೆ?" ಅಂತ ಕೇಳಿದರು. ಆ ಮನೆಯಲ್ಲಿ ಬುದ್ಧಿ ಹೇಳುವವರೇ ಇಲ್ಲ.

ಮರುದಿನ ಅಕ್ಕ ತರಗತಿಯಲ್ಲಿ, "ನಾನೂ ನೋಡಿದೆ. ಇಂಜಿನ್ನಿನ ಒಂದು ವಾಲ್ವ್ ಇನ್ನೂ ಕೂತಿಲ್ಲ" ಅಂದಳಂತೆ. ಇಡೀ ಕ್ಲಾಸು ಕೆಮ್ಮು ಮರೆತು ಅವಳ ಕಡೆ ತಿರುಗಿತು. ಹೊಸ ಏರ್ಪಾಡು ಮಾಡಿದಳು: ಕೆಮ್ಮು, ಬೆಕ್ಕು, ಪೆಟ್ಟಿಗೆ ಯಾವುದೂ ಬೇಡ. ದಿನಕ್ಕೊಬ್ಬರು ಸರದಿಯ ಪ್ರಕಾರ ಹತ್ತು ನಿಮಿಷ ಹೋಗಿಬರುವುದು. ಬಂದವರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳುವುದು, ಮಿಕ್ಕ ಹೊತ್ತೆಲ್ಲ ಗಣಿತ. ಅಕ್ಕ ಆ ತೂತಿನ ಹತ್ತಿರ ಮತ್ತೆ ಹೋಗಲಿಲ್ಲ. ಮಕ್ಕಳ ಸರದಿಯಲ್ಲಿ ತಾನು ಯಾಕೆ ನುಗ್ಗಬೇಕು ಅಂತ. ಅವರ ಬಾಯಿಂದಲೇ ಕೇಳುತ್ತಿದ್ದಳು, ನಾನು ಅವಳ ಬಾಯಿಂದ ಕೇಳುತ್ತಿದ್ದೆ. ಎರಡು ತಿಂಗಳು ಹೀಗೆ ನಡೆಯಿತು. ಗದ್ದಲ ಪೂರ್ತಿ ನಿಂತಿತು ಅಂತಲ್ಲ. ಬೆಕ್ಕು ಆಗಾಗ ಕೂಗುತ್ತಿತ್ತು.

ಕೊನೆಯ ಶುಕ್ರವಾರದ ಹಿಂದಿನ ದಿನ ವರದಿ ತಂದವನು ಏಣಿ ಅನ್ನುವ ಉದ್ದ ಹುಡುಗ. "ಮಿಸ್, ಎಲ್ಲ ಕೂರ್ಸಿ ಆಯ್ತು. ನಾಳೆ ಸ್ಟಾರ್ಟ್ ಮಾಡ್ತಾರಂತೆ!"

ನಾಳೆಯೇ! ಅಕ್ಕ, "ನಾಳೆ ಹೆಡ್ ಮೇಡಂ ಬರ್ತಾರೆ, ಯಾರೂ ಹೊರಗೆ ಹೋಗೋ ಹಾಗಿಲ್ಲ" ಅಂದಳು. ಯಾಕೆ, ಏನು ಅಂತ ಹೇಳಲಿಲ್ಲ. ತನ್ನ ಕೆಲಸದ ಭಾರವನ್ನು ಮಕ್ಕಳ ತಲೆಯ ಮೇಲೆ ಹೊರಿಸಲು ಅವಳಿಗೆ ಮನಸ್ಸಿರಲಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಸೀಮೆಸುಣ್ಣ, "ಆಯ್ತು ಮಿಸ್" ಅಂದಳು. ಮಾತು ಉಳಿಸಿಕೊಳ್ಳುತ್ತಾರೆಯೇ? ಆ ಸಂಜೆ ನಾವಿಬ್ಬರೂ ಅದೊಂದನ್ನೇ ಮಾತಾಡಿದೆವು.

ಶುಕ್ರವಾರ ಹೆಡ್ ಮೇಡಂ ಕನ್ನಡಕ ಏರಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಅಕ್ಕ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದಳು. ಹನ್ನೊಂದೂ ಹತ್ತಕ್ಕೆ ಕೆಳಗಿನಿಂದ ಮೊದಲ ಸದ್ದು ಬಂತು. ಗರ್ ಗರ್ ಅಂದು ನಿಂತುಹೋಯಿತು. ನಲವತ್ತೆರಡು ತಲೆಗಳಲ್ಲಿ ಒಂದೂ ಹೊರಳಲಿಲ್ಲ. ಹೊರಳಿದ್ದು ಅಕ್ಕನ ತಲೆ. ಎರಡನೇ ಸಲ ಇನ್ನೂ ಜೋರಾಗಿ ಬಂತು. ಅಕ್ಕನ ಕೈ ಬೋರ್ಡಿನ ಮೇಲೆ ನಿಂತೇಹೋಯಿತು, ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ಉಳಿಯಿತು. ಏಣಿ ಎರಡೂ ಕೈಯಿಂದ ಬೆಂಚು ಹಿಡಿದುಕೊಂಡು ಕೂತಿದ್ದ. ಮೂಕಿಯಂಥ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಅಕ್ಕ ಹಲ್ಲು ಕಚ್ಚಿ ಮತ್ತೆ ಬರೆಯತೊಡಗಿದಳು. ಅಷ್ಟರಲ್ಲಿ ಸೀಮೆಸುಣ್ಣ ಎದ್ದು ಬಂದು ಬೋರ್ಡಿನ ಮೂಲೆಯಲ್ಲಿ ದುಂಡಗೆ 'ಮಿಸ್' ಅಂತ ಬರೆದಳು. ಪಕ್ಕದಲ್ಲಿ ಮೂರು ಗೀಟು ಎಳೆದಳು.

"ಏನಮ್ಮ ಅದು?" ಅಂದರು ಹೆಡ್ ಮೇಡಂ.

"ಪಾಠ ಬಿಟ್ಟು ಬಾಗಿಲ ಕಡೆ ನೋಡಿದ್ರೆ ಒಂದು ಗೀಟು ಮೇಡಂ. ಕೆಲಸ ಅರ್ಧಕ್ಕೆ ನಿಲ್ಲಿಸಿದ್ರೆ ಇನ್ನೊಂದು." ಹುಡುಗಿ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಡಲಿಲ್ಲ. "ಮೂರಾದ್ರೆ ಹತ್ತು ನಿಮಿಷ ಹೊರಗೆ ನಿಲ್ಬೇಕು. ಯಾರಾದ್ರೂ ಸರಿ."

ಹೆಡ್ ಮೇಡಂ ಬೋರ್ಡಿನ ಮೇಲಿನ ಗೀಟು ಎಣಿಸಿದರು. "ನಿಯಮ ಮಾಡಿದೋಳು ನಾನೇ" ಅಂದು ಎದ್ದು, ಅಕ್ಕನ ಕೈಯಿಂದ ಸೀಮೆಸುಣ್ಣದ ತುಂಡು ತೆಗೆದುಕೊಂಡರು. "ಹೋಗಿ ನಿಂತ್ಕೊಳ್ಳಿ."

ವರಾಂಡದ ಕೊನೆಗೆ ಹೋಗುವಾಗ ಕೆಲಸ ಹೋಯಿತು ಅಂತಲೇ ಅಕ್ಕನಿಗೆ ಖಾತ್ರಿ. ಅಳು ಬಂತಂತೆ. ಆದರೂ ತೂತಿಗೆ ಕಣ್ಣಿಟ್ಟಳಂತೆ. ಮೇಸ್ತ್ರಿ ಮೂರನೇ ಸಲ ಪ್ರಯತ್ನಿಸಿದ. ಕಪ್ಪು ಹೊಗೆ ಅಂಗಳವನ್ನೇ ಮುಚ್ಚಿತು. ಹೊಗೆ ಕರಗಿದಾಗ ಇಂಜಿನ್ ಡುಗುಡುಗು ಅನ್ನುತ್ತಿತ್ತು, ಮುದುಕ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಆಮೇಲೆ ಮೇಲೆ ಹತ್ತಿ ಕೂತು ಅದನ್ನು ಒಂದು ಗೇಣು ಮುಂದೆ ತಂದ.

ಹತ್ತು ನಿಮಿಷಕ್ಕೆ ಸರಿಯಾಗಿ ಅಕ್ಕ ಒಳಗೆ ಬಂದಳು. ಸಮೀಕರಣ ಬಿಡಿಸಿ ಮುಗಿದಿತ್ತು. ಮಕ್ಕಳೆಲ್ಲ ಅವಳನ್ನೇ ನೋಡಿದರು. ಕೇಳಿದ್ದು, ಅಷ್ಟರಲ್ಲಿ ಮಕ್ಕಳಿಂದ ಎಲ್ಲ ತಿಳಿದುಕೊಂಡಿದ್ದ ಹೆಡ್ ಮೇಡಂ: "ಸ್ಟಾರ್ಟ್ ಆಯ್ತಾ?"

"ಒಂದು ಗೇಣು ಮುಂದೂ ಬಂತು ಮೇಡಂ" ಅಂದಳು ಅಕ್ಕ. ಆಗ ಎದ್ದ ಕೂಗಿಗೆ ಡ್ರಿಲ್ ಮಾಸ್ತರು ಸೀಟಿ ಊದುತ್ತಾ ಓಡಿಬಂದರಂತೆ.

ಸೋಮವಾರ ಕೈಗೆ ಬಂದ ಕಾಗದವನ್ನು ಅಕ್ಕ ನನ್ನ ಮೇಜಿನ ಮೇಲಿಟ್ಟಳು. 'ಮಕ್ಕಳ ಶಿಸ್ತು: ಉತ್ತಮ. ಶಿಕ್ಷಕಿಯ ಶಿಸ್ತು: ಸಾಲದು. ಕೆಲಸ ಖಾಯಂ ಮಾಡಬಹುದು.' ಓದಿ ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಆದರೂ ನನಗೆ ಆ ಲೀಡರ್ ಹುಡುಗಿಯ ಮೇಲೆ ಸಿಟ್ಟಿತ್ತು. ವಾರದ ಮೇಲೆ ಅವಳು ಯೂನಿಫಾರ್ಮಿನ ಅಳತೆ ಕೊಡಲು ಬಂದಳು. ಟೇಪು ಹಿಡಿದೇ ಕೇಳಿಬಿಟ್ಟೆ: "ಅಲ್ವೇ, ಹೆಡ್ ಮೇಡಂ ಎದುರಿಗೆ ನಿಮ್ಮ ಮಿಸ್ಸಿನ ಹೆಸರು ಬರೆದ್ಯಲ್ಲ. ಅವ್ರ ಕೆಲ್ಸಾನೇ ಹೋಗಿದ್ರೆ?"

"ಮಿಸ್ಸಿನ ಕೆಲ್ಸಾನಾ?" ಹುಡುಗಿಯ ಮುಖ ಬಿಳುಪೇರಿತು. "ಮೇಡಂ ನಮ್ಮನ್ನ ನೋಡೋಕೆ ಬಂದಿದ್ದಲ್ವಾ ಆಂಟಿ?"

ಅವಳು ತಲೆ ತಗ್ಗಿಸಿ, ಬಾಬಿನ್ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಹೇಳಿದಳು. "ನಾವು ಯಾರೂ ಹೋಗ್ಬಾರ್ದು ಅಂದ್ರಲ್ಲ. ಯಾರಾದ್ರೂ ಒಬ್ರು ನೋಡ್ಲೇಬೇಕಿತ್ತು. ಎಲ್ಲರ ಸರದಿನೂ ಆಗಿತ್ತು, ಮಿಸ್ಸಿಗೆ ಮಾತ್ರ ನಾವು ಸರದೀನೇ ಕೊಟ್ಟಿರ್ಲಿಲ್ಲ. ಅದಕ್ಕೆ ಹಿಂದಿನ ದಿನಾನೇ ಎಲ್ರೂ ಕೂತು ತೀರ್ಮಾನ ಮಾಡಿದ್ವಿ." ಡಬ್ಬಿಯ ಮುಚ್ಚಳ ಹಾಕಿಟ್ಟು ಮೆಲ್ಲಗೆ ಅಂದಳು, "ಎರಡು ಗೀಟು ಸರಿಯಾಗೇ ಹಾಕಿದೀನಿ ಆಂಟಿ. ಮೂರನೇದು ಸುಮ್ನೆ."