ಬರಿಗಾಲಲ್ಲಿ ಮುಟ್ಟಿ ನೋಡಿ

ವಾಷಿಂಗ್ ಮಷೀನ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ ಎಂದು ಅಜ್ಜಿ ಹೇಳಿದ್ದು ತಿಂಡಿ ತಿನ್ನುತ್ತ, ಚಟ್ನಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ. “ವಯಸ್ಸಾತು ತಮ್ಮಾ, ನರ ಸೋತಾವ” ಎಂದು ಕಾರಣವನ್ನೂ ತಾನೇ ಕೊಟ್ಟಳು. ಕಾರಣ ನನಗೆ ಒಪ್ಪಿಗೆಯಾಗಲಿಲ್ಲ. ಸೋತ ನರಕ್ಕೆ ಮಷೀನ್ ಮುಟ್ಟಿದಾಗ ಮಾತ್ರ ಯಾಕೆ ಎಚ್ಚರವಾಗಬೇಕು? ಅಡುಗೆಮನೆ ಹಿಂದೆ ಬಟ್ಟೆ ಒಗೆಯುವ ಯುಟಿಲಿಟಿಗೆ ಹೋಗಿ, ಒದ್ದೆ ನೆಲದ ಮೇಲೆ ನಿಂತು, ಬೆರಳ ಹಿಂಬದಿಯಿಂದ ಮಷೀನಿನ ಅಂಚು ಸವರಿದೆ. ಮೊಣಕೈವರೆಗೆ ಇರುವೆಗಳು ಓಡಿದಂತಾಯಿತು. ಹಿಂದಕ್ಕೆ ಹಾರಿ ಬಾಗಿಲಿಗೆ ಬೆನ್ನು ಬಡಿದುಕೊಂಡೆ.

ಆವತ್ತಿನಿಂದ ಅಜ್ಜಿಯ ಬೆಳಗನ್ನು ಕಂಡರೆ ನನಗೆ ಹೆದರಿಕೆ. ದಾವಣಗೆರೆ ಕಡೆಯವಳು. ಸ್ನಾನವಾದ ಮೇಲೆ, ಲಿಂಗಪೂಜೆಗೆ ಮುಂಚೆ, ತನ್ನ ಸೀರೆಯನ್ನು ತಾನೇ ಒಗೆದು ಹಿಂಡಬೇಕು. ಒಗೆಯುವ ಕಲ್ಲು ಇರುವುದು ಮಷೀನಿನ ಆಚೆ. ಮೈಯೆಲ್ಲ ಒದ್ದೆ, ಬರಿಗಾಲು, ಮಷೀನಿಗೆ ಸೊಂಟ ತಗುಲಿಸದೆ ಅತ್ತ ದಾಟಲು ಜಾಗವಿಲ್ಲ. ರಬ್ಬರ್ ಚಪ್ಪಲಿ ತಂದುಕೊಟ್ಟೆ.

“ಪೂಜಿಗೆ ಮುಂಚೆ ಚಪ್ಪಲಿ ಮೆಟ್ಟು ಅಂತೀಯಲ್ಲೋ!”

“ಅಜ್ಜಿ, ಇದು ಚರ್ಮದ್ದಲ್ಲ. ರಬ್ಬರ್ ಕಣಜ್ಜಿ.”

“ರಬ್ಬರ್ ಆದ್ರ ಚಪ್ಪಲಿ ಅಲ್ಲೇನು? ಇದನ್ನ ಕಲಿಸ್ತಾರೇನು ನಿಮ್ಮ ಕಾಲೇಜಿನಾಗ?”

ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ನಾನು. ಚಪ್ಪಲಿ ಎತ್ತಿಕೊಂಡು ವಾಪಸು ಬಂದೆ. ಮಷೀನಿನ ಪ್ಲಗ್ ಕಿತ್ತಿಟ್ಟೆ. ಆದರೆ ಅಮ್ಮನಿಗೆ ಆಫೀಸು, ಮನೆ ತುಂಬ ಬಟ್ಟೆ. “ಎಷ್ಟು ದಿನ ಹಿಂಗೆ? ವಾರಂಟಿ ಇದೆಯಲ್ಲ, ಅವರೇ ಬಂದು ನೋಡ್ಲಿ” ಎಂದಳು.

ಆ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಕೊಳ್ಳುವಾಗ ವಿಜಯನಗರದ ಅಂಗಡಿಯಲ್ಲಿ ನಾನು ಜಗಳವಾಡಿದ್ದೆ. ಕೆಡುವುದೇ ಇಲ್ಲ ಎಂದು ಮಷೀನ್ ಮಾರಿದ ಬಾಯಿ, ಬಿಲ್ ಹಾಕುವಷ್ಟರಲ್ಲಿ ಕೆಟ್ಟರೆ ಏನು ಮಾಡ್ತೀರಿ ಎಂದು ಹೆದರಿಸುತ್ತದೆ. ಎರಡರಲ್ಲಿ ಒಂದಾದರೂ ಸುಳ್ಳಿರಬೇಕಲ್ಲವೆ? ಅಮ್ಮ ಎರಡನ್ನೂ ನಂಬಿ ಕೊಂಡಳು.

ಶನಿವಾರ ಬೆಳಿಗ್ಗೆಯೇ ಟೆಕ್ನಿಷಿಯನ್ ಬಂದ. ಹೊಸಿಲಲ್ಲಿ ಶೂ ಬಿಚ್ಚಲು ಬಗ್ಗಿದವನನ್ನು ಅಮ್ಮ ತಡೆದಳು. “ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ. ಹಿಂದೆ ನೆಲ ಒದ್ದೆ ಇದೆ.” ಗ್ಯಾಸ್ ಸಿಲಿಂಡರ್ ತರುವವನ ಹೊರತು ನಮ್ಮ ಮನೆಯಲ್ಲಿ ಯಾರಿಗೂ ಸಿಗದ ಮರ್ಯಾದೆ ಅದು.

ಅವನು ಪ್ಲಗ್ ಸಿಕ್ಕಿಸಿ, ಸ್ವಿಚ್ ಹಾಕಿ, ಮಷೀನಿನ ಮೇಲೆ ಅಂಗೈ ಅಗಲಿಸಿಟ್ಟ. “ಎಲ್ಲಿ ಸಾರ್ ಶಾಕು?”

“ಟೆಸ್ಟರ್ ಇಡಿ.”

ಇಟ್ಟ. ಟೆಸ್ಟರ್ ಕೆಂಪಗೆ ಮಿನುಗಿತು. “ಇದು ಬರೀ ಇಂಡಕ್ಷನ್ ಕರೆಂಟು ಸಾರ್, ಎಲ್ಲಾ ಮಷೀನಲ್ಲೂ ಇರತ್ತೆ. ಏನೂ ಆಗಲ್ಲ. ಮೇಡಂ, ಒಂದು ಓಟಿಪಿ ಬಂದಿರತ್ತೆ, ಹೇಳ್ಬಿಡಿ. ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ.”

ಅಮ್ಮನ ಮುಖದಲ್ಲಿ ನಿರಾಳ. “ನೋಡ್ದಾ? ಸುಮ್ನೆ ಎಲ್ಲಾರನ್ನೂ ಹೆದರಿಸ್ತೀಯ” ಎನ್ನುತ್ತ ಫೋನ್ ತೆಗೆದಳು. ಆ ನಂಬರ್ ಅವಳ ಬಾಯಿಂದ ಬಂದರೆ ನಾಳೆಯಿಂದ ಪ್ಲಗ್ ಗೋಡೆಯಲ್ಲಿ, ಅಜ್ಜಿ ಅದರ ಪಕ್ಕದಲ್ಲಿ. ಆಗ ಕಂಡದ್ದು ಅವನ ಶೂಗಳು. ದಪ್ಪ ರಬ್ಬರಿನ ಅಟ್ಟೆ.

“ಅಣ್ಣಾ, ಶೂ ಬಿಚ್ಚಿ ಮುಟ್ಟಿ.”

“ಏನ್ ಸಾರ್?”

“ನಮ್ಮನೇಲಿ ಯಾರೂ ಶೂ ಹಾಕ್ಕೊಂಡು ಬಟ್ಟೆ ಒಗೆಯಲ್ಲ. ಬರಿಗಾಲಲ್ಲಿ ಮುಟ್ಟಿ. ಏನೂ ಆಗಲ್ಲ ಅಂದ್ರಲ್ಲ?”

“ಒಳ್ಳೇ ಲಾಯರ್ ಸಾರ್ ನೀವು” ಎಂದು ನಕ್ಕು ಬಗ್ಗಿದ. ಲೇಸ್ ಬಿಚ್ಚಿದ, ಒಂದು ಶೂ ಕಳಚಿದ, ಸಾಕ್ಸ್ ಎಳೆದ. ಕಾಲು ನೆಲದತ್ತ ಇಳಿಯುತ್ತಿತ್ತು. ನನ್ನ ಮಾತು ನಿಜವಾಗಿದ್ದರೆ ಈ ಮನುಷ್ಯನ ಗತಿ? ಬೇಡ ಎನ್ನಲು ಬಾಯಿ ತೆರೆದೆ.

ಕಾಲು ಅಲ್ಲೇ ನಿಂತಿತು. ಅವನು ಒದ್ದೆ ನೆಲವನ್ನು ನೋಡಿದ, ಮಷೀನನ್ನು ನೋಡಿದ. ನಗು ಹೋಗಿತ್ತು. ಕುಂಟುತ್ತ ಹಿಂದೆ ಸರಿದು, ಮೆಲ್ಲಗೆ ಸಾಕ್ಸ್ ಏರಿಸಿಕೊಳ್ಳತೊಡಗಿದ.

“ಬೇಡ ಸಾರ್. ನನಗೂ ಮಕ್ಕಳಿದಾರೆ.”

ಗೆದ್ದಿದ್ದೆ. ಜೀವನದಲ್ಲಿ ಮೊದಲ ಸಲ, ಸೋತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಮ್ಮ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. “ಮಷೀನ್ ಮೈಗೇ ಕರೆಂಟ್ ಬರ್ತಿದೆ ಮೇಡಂ,” ಅವನು ಅವಳ ಮುಖ ನೋಡದೆ ಹೇಳಿದ. “ಬಿಚ್ಚಿ ನೋಡ್ಬೇಕು. ದಿನಕ್ಕಿಷ್ಟು ಕಂಪ್ಲೇಂಟ್ ಕ್ಲೋಸ್ ಆಗ್ಲೇಬೇಕು ಅಂತಾರೆ ಆಫೀಸಲ್ಲಿ, ಅದಕ್ಕೆ…”

“ದಾರಿ ಬಿಡ್ರಿ, ಪೂಜಿಗೆ ಹೊತ್ತಾತು.”

ಅಜ್ಜಿ ನಮ್ಮಿಬ್ಬರ ನಡುವೆ ತೂರಿ ಬಂದಿದ್ದಳು. ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಒದ್ದೆ ಸೀರೆ, ಬರಿಗಾಲು. ಸ್ವಿಚ್ ಇನ್ನೂ ಆನ್ ಇತ್ತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಅವನು ಒಂದೇ ಶೂನಲ್ಲಿ ನೆಗೆದು ಸ್ವಿಚ್ಚಿಗೆ ಬಡಿದ. ಅದೇ ಗಳಿಗೆಯಲ್ಲಿ ಅಜ್ಜಿಯ ಸೊಂಟ ಮಷೀನಿಗೆ ಒರಗಿ, ಜಾರಿ, ಆಚೆ ದಾಟಿತು.

ಕಲ್ಲಿನ ಮೇಲೆ ಸೀರೆ ಹರವಿ ಅವಳು ತಿರುಗಿ ನೋಡಿದಳು. “ಯಾಕ್ರೋ ಹಿಂಗ ನಿಂತೀರಿ, ದೆವ್ವ ಕಂಡವರ ಹಂಗ?”

ಟೆಕ್ನಿಷಿಯನ್‌ನ ಒಂದು ಕೈ ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು, ಇನ್ನೊಂದರಿಂದ ಅವನು ಪ್ಲಗ್ ಕಿತ್ತ.